ಕೋಣನಕುಂಟೆಯಿಂದ ಬೆಳ್ಳಂದೂರಿಗೆ ದಿನಾ ಕಾರು: ನಿಜವಾದ ಖರ್ಚು ಎಷ್ಟು?

ಕೋಣನಕುಂಟೆ ಕ್ರಾಸ್:
ನಮಸ್ಕಾರ. ಬೆಂಗಳೂರಿನ ಕೋಣನಕುಂಟೆ ಕ್ರಾಸ್‌ನಿಂದ ಬೆಳ್ಳಂದೂರಿನ ಆಫೀಸಿಗೆ ಒಂದು ಕಡೆಗೆ 18 ಕಿ.ಮೀ. ಇನ್ಮೇಲೆ ವಾರಕ್ಕೆ ಐದೂ ದಿನ ಹೋಗಬೇಕು. ಮನೆಯಲ್ಲಿ ಎರಡು ಗಾಡಿ ಇವೆ: 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ (ಮ್ಯಾನುಯಲ್) ಮತ್ತು ಬಿಎಸ್6 ಡೀಸೆಲ್ ಎಸ್‌ಯುವಿ. ಕಂಪನಿ ಹೇಳೋ 20 ಮೈಲೇಜ್ ಹಿಡಿದರೆ ತಿಂಗಳಿಗೆ ಪೆಟ್ರೋಲ್ ನಾಲ್ಕು ಸಾವಿರದ ಸುತ್ತ ಬರುತ್ತೆ. ಮೆಟ್ರೋ, ಬಸ್ಸು ಸೇರಿದರೆ ಮೂರು ಸಾವಿರ ಚಿಲ್ಲರೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಕಾರು ಬಿಡೋದ್ಯಾಕೆ ಅನ್ನಿಸ್ತಿದೆ. ಲೆಕ್ಕದಲ್ಲಿ ಏನಾದ್ರೂ ಬಿಟ್ಟಿದ್ದೀನಾ? ಡೀಸೆಲ್ ಗಾಡಿ ತೊಗೊಂಡು ಹೋದ್ರೆ ಉಳಿಯುತ್ತಾ?

ಲೆಕ್ಕದ ಪುಸ್ತಕ:
ಎಡವಿರೋದು 20ರಲ್ಲಿ. ಆ ಮೈಲೇಜು ಲ್ಯಾಬಿನದು. ಸಿಲ್ಕ್ ಬೋರ್ಡ್ ದಾಟಿ ಅಗರದ ಕಡೆ ತೆವಳೋ ಹೊತ್ತಿಗೆ 1.2 ಪೆಟ್ರೋಲ್ ಗಾಡಿ ಎಸಿ ಹಾಕಿಕೊಂಡು 10–12 ಕೊಟ್ಟರೆ ದೊಡ್ಡದು. ಮೀಟರಿನ ಪರದೆ ತೋರಿಸೋ ಸರಾಸರಿಯನ್ನೂ ನಂಬಬೇಡಿ, ಸಾಮಾನ್ಯವಾಗಿ ಒಂದೆರಡು ಹೆಚ್ಚೇ ತೋರಿಸುತ್ತೆ. ಒಂದೇ ಬಂಕ್, ಒಂದೇ ಪಂಪ್‌ನಲ್ಲಿ ಆಟೋ ಕಟ್ ಆಗೋವರೆಗೆ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. ವಾರ ಬಿಟ್ಟು ಅಲ್ಲೇ ಮತ್ತೆ ಆಟೋ ಕಟ್‌ವರೆಗೆ ಹಾಕಿಸಿ, ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರ್‌ನಿಂದ ಭಾಗಿಸಿ. ಅದೇ ನಿಮ್ಮ ಮೈಲೇಜು.

ತಿಂಗಳಿಗೆ 22 ದಿನ ಅಂದ್ರೆ 792 ಕಿ.ಮೀ. ಮೈಲೇಜ್ 11 ಅಂತಿಟ್ಟುಕೊಂಡರೆ 72 ಲೀಟರ್, ಲೀಟರಿಗೆ 103 ರೂ.ನಂತೆ 7,400 ರೂ. ಇದರೊಳಗೆ ನಿಂತಲ್ಲೇ ಸುಡೋದೂ ಇದೆ: ಎಸಿ ಹಾಕಿ ಐಡಲ್‌ನಲ್ಲಿ ನಿಂತರೆ ಗಂಟೆಗೆ ಸುಮಾರು 0.7 ಲೀಟರ್. ದಿನಕ್ಕೆ ಒಟ್ಟು ಒಂದು ಗಂಟೆ ನಿಂತರೂ ತಿಂಗಳಿಗೆ 15 ಲೀಟರ್, ಅಂದರೆ ಗಾಡಿ ಒಂದಡಿ ಮುಂದೆ ಹೋಗದೆ ಒಂದೂವರೆ ಸಾವಿರ ಖಾಲಿ.

ಸವಕಳಿ ಸೇರಿಸಿ. ನಾಲ್ಕು ಟೈರ್ 20,000 ರೂ., 40,000 ಕಿ.ಮೀ. ಬಾಳಿದರೆ ಕಿ.ಮೀ.ಗೆ 50 ಪೈಸೆ. ಸರ್ವಿಸ್ 60 ಪೈಸೆ. ಕ್ಲಚ್ ಸೆಟ್ 30 ಪೈಸೆ. ಬ್ರೇಕ್ ಪ್ಯಾಡ್, ಬ್ಯಾಟರಿ, ಚೂರುಪಾರು ಎಲ್ಲಾ ಸೇರಿ ಕಿ.ಮೀ.ಗೆ ಎರಡು ರೂಪಾಯಿ ಹತ್ತಿರ. ತಿಂಗಳಿಗೆ ಇನ್ನೊಂದು ಸಾವಿರದೈನೂರು. ಒಟ್ಟು 9,000 ರೂ., ಕಿ.ಮೀ.ಗೆ ಹನ್ನೊಂದು ಚಿಲ್ಲರೆ.

ಇನ್ಶೂರೆನ್ಸ್, ಗಾಡಿಯ ಬೆಲೆ ಇಳಿಯೋದು ಇದನ್ನೆಲ್ಲ ಬೇಕಂತಲೇ ಸೇರಿಸಿಲ್ಲ. ಕಾರು ಮನೆ ಮುಂದೆ ನಿಂತರೂ ಆ ಖರ್ಚು ನಿಲ್ಲಲ್ಲ. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ತೊಗೊಳ್ಳುವಾಗಲೇ ಕಟ್ಟಿ ಆಗಿರುತ್ತೆ: 5ರಿಂದ 10 ಲಕ್ಷದ ಗಾಡಿಗೆ 14%, ಅದರ ಮೇಲೆ 11% ಸೆಸ್, ಅಂದ್ರೆ 8 ಲಕ್ಷದ ಗಾಡಿಗೆ 1.24 ಲಕ್ಷ. ಅದು ಹೋದ ದುಡ್ಡು, ದಿನದ ಲೆಕ್ಕಕ್ಕೆ ತರಬೇಡಿ. ಕಾರು ಮನೆಯಲ್ಲಿ ಬಿಟ್ಟರೆ ಐದಾರು ಸಾವಿರ ಉಳಿಯುತ್ತೆ, ಅಷ್ಟೇ. ದೊಡ್ಡ ಉಳಿತಾಯ ಬೇಕಂದ್ರೆ ಎರಡರಲ್ಲಿ ಒಂದು ಗಾಡಿ ಮಾರಬೇಕು. ಆಗ ಮಾತ್ರ ಇನ್ಶೂರೆನ್ಸ್, ಎರಡನೇ ಪಾರ್ಕಿಂಗ್ ಬಾಡಿಗೆ, ಬೆಲೆ ಇಳಿಕೆ ಮೂರೂ ತಪ್ಪುತ್ತೆ.

ಗ್ಯಾರೇಜ್ ಮಾತು:
ಡೀಸೆಲ್ ಬೇಡ ಗುರು. ಜಾಮ್‌ನಲ್ಲಿ 12 ಕೊಟ್ಟರೂ ತಿಂಗಳಿಗೆ ಸಾವಿರದ ನಾನೂರು ಉಳೀಬಹುದು, ಆದ್ರೆ ಬಿಎಸ್6 ಡೀಸೆಲ್‌ಗೆ ಡಿಪಿಎಫ್ ಇದೆ. ಸೈಲೆನ್ಸರ್ ದಾರೀಲಿ ಕೂತಿರೋ ಈ ಫಿಲ್ಟರ್ ಮಸಿ ಹಿಡಿದಿಟ್ಟು, ಬಿಸಿ ಏರಿದಾಗ ಸುಟ್ಟು ಹಾಕುತ್ತೆ. ಔಟರ್ ರಿಂಗ್ ರೋಡಲ್ಲಿ ಫಸ್ಟ್, ಸೆಕೆಂಡ್ ಗೇರಲ್ಲೇ ಇದ್ರೆ ಆ ಬಿಸಿ ಬರೋದೇ ಇಲ್ಲ. ಆಗ ಇಸಿಯು (ಇಂಜಿನ್ ನೋಡಿಕೊಳ್ಳೋ ಕಂಪ್ಯೂಟರ್) ಹೆಚ್ಚಿಗೆ ಡೀಸೆಲ್ ಸಿಂಪಡಿಸಿ ತಾನೇ ಸುಡೋಕೆ ನೋಡುತ್ತೆ. ಐಡಲ್ ಆರ್‌ಪಿಎಂ ಸ್ವಲ್ಪ ಏರುತ್ತೆ, ರೇಡಿಯೇಟರ್ ಫ್ಯಾನ್ ಜೋರಾಗಿ ಓಡುತ್ತೆ. ಅಷ್ಟರಲ್ಲಿ ಆಫೀಸು ಬಂತು ಅಂತ ಕೀ ತೆಗೆದ್ರೆ ಕೆಲಸ ಅರ್ಧಕ್ಕೆ ನಿಂತು, ಸುಡದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಮ್ಯಾಕ್ಸ್ ಗೆರೆ ದಾಟಿ, ನೀರಾಗಿ, ಡೀಸೆಲ್ ವಾಸನೆ ಹೊಡೀತಿದ್ರೆ ಕಿ.ಮೀ. ನೋಡದೆ ಆಯಿಲ್ ಬದಲಾಯಿಸಿ.

ಡಿಪಿಎಫ್ ಲೈಟ್ ಬಂದ್ರೆ ನೈಸ್ ರೋಡಿಗೆ ಟೋಲ್ ಕೊಟ್ಟಾದ್ರೂ ಹತ್ತಿ, 2,000 ಆರ್‌ಪಿಎಂ ಮೇಲಿಟ್ಟು ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ. ಲೈಟ್ ಅಲಕ್ಷ್ಯ ಮಾಡಿದ್ರೆ ಗಾಡಿ ಎಳೆಯೋದು ಬಿಡುತ್ತೆ, ಆಮೇಲೆ ಸ್ಕ್ಯಾನರ್ ಹಾಕಿಸಿ ಸುಡಿಸಬೇಕು. ಫಿಲ್ಟರೇ ಹೋದ್ರೆ ಕೆಲವು ಗಾಡಿಗೆ ಬಿಲ್ ಲಕ್ಷ ದಾಟುತ್ತೆ.

ಪೆಟ್ರೋಲ್ ಗಾಡೀಲಿ ಕ್ಲಚ್ ಮೇಲೆ ಕಣ್ಣಿಡಿ. ಫ್ಲೈಓವರ್ ಏರಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿದು ನಿಲ್ಸೋರೇ ಹೆಚ್ಚು. ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೀರಿ. ಪರೀಕ್ಷೆ ಸುಲಭ: ಖಾಲಿ ರಸ್ತೇಲಿ 40ರಲ್ಲಿ ನಾಲ್ಕನೇ ಗೇರ್ ಹಾಕಿ ಪೂರ್ತಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಹಾರಿ ವೇಗ ಏರದಿದ್ರೆ ಪ್ಲೇಟ್ ಜಾರ್ತಿದೆ. ಬದಲಾಯಿಸುವಾಗ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿ. ಗೇರ್‌ಬಾಕ್ಸ್ ಇಳಿಸೋ ಕೂಲಿ ಎರಡು ಸಲ ಯಾಕೆ ಕೊಡ್ತೀರಾ.

500 ಡಿ:
ಮೆಟ್ರೋ ದಾರಿ: ಹಸಿರು ಮಾರ್ಗದಲ್ಲಿ ಆರ್.ವಿ. ರೋಡ್, ಅಲ್ಲಿ ಇಳಿದು ಹಳದಿ ಮಾರ್ಗದಲ್ಲಿ ಸೆಂಟ್ರಲ್ ಸಿಲ್ಕ್ ಬೋರ್ಡ್. 2025ರ ಆಗಸ್ಟ್‌ನಲ್ಲಿ ಹಳದಿ ಶುರುವಾದ ಮೇಲೆ ಬನಶಂಕರಿ, ಬಿಟಿಎಂ ಕಡೆಯ ಜಾಮ್ ನಿಮಗೆ ತಪ್ಪಿತು. ಟಿಕೆಟ್ 50 ರೂ. ಸುತ್ತ, ಸ್ಮಾರ್ಟ್ ಕಾರ್ಡಿಗೆ 5% ಕಡಿಮೆ. ಮುಂದೆ 500 ಡಿ ಆರ್ಡಿನರಿ ಬಸ್, 25 ರೂ. ಒಳಗೆ. ದಿನಕ್ಕೆ 145, ತಿಂಗಳಿಗೆ 3,200 ರೂ. ಮನೆಯಲ್ಲಿ ಹೆಂಗಸರು ಅದೇ ಕಡೆ ಹೋಗೋದಾದ್ರೆ ಆರ್ಡಿನರಿ ಬಸ್ಸಿಗೆ ಶಕ್ತಿ ಯೋಜನೆ ಇದೆ, ಎಸಿ ವಜ್ರ ಬಸ್ಸಿಗಿಲ್ಲ.

ಸಿಲ್ಕ್ ಬೋರ್ಡಿನಿಂದ ಆಚೆ ಮಾತ್ರ ಬಸ್ಸೂ ಅದೇ ಜಾಮ್‌ನಲ್ಲೇ ನಿಲ್ಲುತ್ತೆ. ಅಲ್ಲಿಂದ ಕೆ.ಆರ್. ಪುರದವರೆಗಿನ ಮೆಟ್ರೋ ಓಡೋ ತನಕ ಇದಕ್ಕೆ ಮದ್ದಿಲ್ಲ. ಆರ್.ವಿ. ರೋಡಲ್ಲಿ ಪ್ಲಾಟ್‌ಫಾರ್ಮ್ ಬದಲಿಸೋಕೂ ಹಳದಿ ರೈಲು ಕಾಯೋಕೂ ಸಮಯ ಇಟ್ಟುಕೊಳ್ಳಿ. ಮಂಗಳವಾರದಿಂದ ಗುರುವಾರ ರಿಂಗ್ ರೋಡ್ ಕೇಳಲೇಬೇಡಿ. ಆ ಮೂರು ದಿನ ಮೆಟ್ರೋ, ಸೋಮವಾರ ಶುಕ್ರವಾರ ಕಾರು ಅಂತ ಹಂಚಿಕೊಂಡರೂ ಪೆಟ್ರೋಲ್ ಅರ್ಧಕ್ಕಿಂತ ಕೆಳಗೆ ಬರುತ್ತೆ.

ಕೋಣನಕುಂಟೆ ಕ್ರಾಸ್:
ಡಿಪಿಎಫ್ ವಿಷಯ ತಲೇಲೇ ಇರ್ಲಿಲ್ಲ. ಹಾಗಾದ್ರೆ ಡೀಸೆಲ್ ಮಾರಿ ಹ್ಯಾಚ್‌ಬ್ಯಾಕ್ ಒಂದನ್ನೇ ಇಟ್ಕೋತೀನಿ. ಆಫೀಸಿನ ಇಬ್ಬರನ್ನ ಹತ್ತಿಸಿಕೊಂಡು ಪೆಟ್ರೋಲ್ ದುಡ್ಡು ಹಂಚಿಕೊಂಡ್ರೆ ತೊಂದರೆ ಇದೆಯಾ?

ಲೆಕ್ಕದ ಪುಸ್ತಕ:
ಒಬ್ಬೊಬ್ಬರ ಕಾರು ಒಂದೊಂದು ವಾರ ಅಂತ ಸರದಿ ಮಾಡಿಕೊಳ್ಳಿ, ದುಡ್ಡಿನ ಮಾತೇ ಬೇಡ. ವೈಟ್ ಬೋರ್ಡ್ (ಖಾಸಗಿ ನಂಬರ್ ಪ್ಲೇಟಿನ) ಗಾಡಿಯಲ್ಲಿ ಆ್ಯಪ್ ಮೂಲಕ ಸೀಟಿಗಿಷ್ಟು ಅಂತ ತೊಗೊಂಡರೆ ಪರ್ಮಿಟ್ ಪ್ರಶ್ನೆ ಬರುತ್ತೆ. ಬಾಡಿಗೆಗೆ ಓಡಿಸಿದ್ದು ಅಂತಾದರೆ ಖಾಸಗಿ ಪಾಲಿಸಿಯಲ್ಲಿ ಕ್ಲೇಮ್ ತಿರಸ್ಕಾರವಾಗಬಹುದು.

ಮಾರುವಾಗ ಸಾಲ ಇದ್ದರೆ ಮೊದಲು ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರಂ 35, ಆಮೇಲೆ ಹೆಸರು ಬದಲಾವಣೆಯ ಫಾರಂ 29 ಮತ್ತು 30. ಬಾಕಿ ಚಲನ್ ಕಟ್ಟಿಬಿಡಿ. ಆರ್‌ಸಿ ಹೆಸರು ಬದಲಾಗೋವರೆಗೆ ಬೆನ್ನು ಬಿಡಬೇಡಿ, ಅಲ್ಲಿಯವರೆಗೆ ಅಪಘಾತವಾದರೆ ನೋಟಿಸ್ ನಿಮ್ಮ ಮನೆಗೇ ಬರೋದು. ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ಇನ್ಶೂರೆನ್ಸ್ ಕಂಪನಿಯಿಂದ ಅದರ ಪತ್ರ ತೊಗೊಳ್ಳಿ, ಮೂರು ವರ್ಷದೊಳಗೆ ಬೇರೆ ಕಾರು ಕೊಂಡರೆ ಬಳಸಬಹುದು. ಫಾಸ್ಟ್ಯಾಗ್ ಅನ್ನು ಬ್ಯಾಂಕಿಗೆ ಹೇಳಿ ಮುಚ್ಚಿಸಿ. ಗಾಜಿನಿಂದ ಕಿತ್ತರೆ ಸಾಲದು, ಖಾತೆ ತೆರೆದೇ ಇರುತ್ತೆ.