ಯುದ್ಧ ಗೆದ್ದ ಸುಕ್ರೆ ಬೊಲಿವಿಯಾದ ಅಧ್ಯಕ್ಷನಾಗಿ ಯಾಕೆ ಉಳಿಯಲಿಲ್ಲ?

ನಿತ್ಯಓದುಗಿ ಕೇಳಿದ್ದು:

ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಯುದ್ಧಗಳ ಬಗ್ಗೆ ಓದುತ್ತಿದ್ದೇನೆ. ಆಂಟೋನಿಯೊ ಹೊಸೆ ದೆ ಸುಕ್ರೆಯ ಕತೆ ಮಾತ್ರ ತಲೆಗೆ ಹತ್ತುತ್ತಿಲ್ಲ. 1822ರಲ್ಲಿ ಪಿಚಿಂಚಾ ಬೆಟ್ಟದ ಮೇಲೆ ಗೆದ್ದು ಕೀಟೊ ಊರನ್ನು ಸ್ಪೇನಿನವರಿಂದ ಬಿಡಿಸಿದ. 1824ರ ಡಿಸೆಂಬರ್ 9ರಂದು ಆಯಕುಚೊದಲ್ಲಿ ವೈಸರಾಯನನ್ನೇ ಸೆರೆ ಹಿಡಿದ. ಆಗ ಅವನಿಗೆ ಬರೀ 29 ವರ್ಷ! ಮುಂದಿನ ವರ್ಷ ಬೊಲಿವಿಯಾ ಹುಟ್ಟಿತು, ಸ್ವಾತಂತ್ರ್ಯ ಹೋರಾಟದ ಮುಖ್ಯ ನಾಯಕ ಸಿಮೋನ್ ಬೊಲಿವಾರ್ ಹೊರಟ ಮೇಲೆ ಆಡಳಿತ ಇವನ ಕೈಗೆ ಬಂತು. ಆದರೆ 1828ರ ಏಪ್ರಿಲ್‌ನಲ್ಲಿ ರಾಜಧಾನಿ ಚುಕಿಸಾಕಾದಲ್ಲಿ ಅವನದೇ ಸೈನಿಕರು ಅವನಿಗೆ ಗುಂಡು ಹೊಡೆದರು. ಆಗಸ್ಟ್‌ನಲ್ಲಿ ರಾಜೀನಾಮೆ ಬರೆದಿಟ್ಟು ದೇಶ ಬಿಟ್ಟ.

"ಒಳ್ಳೆ ಸೈನಿಕ, ರಾಜಕೀಯ ಗೊತ್ತಿರಲಿಲ್ಲ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ನನಗೆ ಸಮಾಧಾನ ಆಗಲಿಲ್ಲ. ನಿಜವಾಗಿ ಏನಾಯಿತು?

ಹಳೇಖಜಾಂಚಿ:

ಮೇಡಂ, ನಾನು ಖಜಾನೆಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಯಾವ ದೇಶದ ಚರಿತ್ರೆ ಓದಿದರೂ ನನ್ನ ಕಣ್ಣು ಮೊದಲು ಹೋಗುವುದು ಇವರು ಸಂಬಳ ಎಲ್ಲಿಂದ ಕೊಟ್ಟರು ಅನ್ನುವ ಕಡೆಗೆ. ಚಟ ಅನ್ನಿ. ನನ್ನ ಪ್ರಕಾರ ಸುಕ್ರೆ ಸೋತಿದ್ದು ಖಜಾನೆಯಲ್ಲಿ. ಬಂದೂಕು ಆಮೇಲೆ ಬಂತು.

ಜಮಾ ಕಡೆ ಏನಿತ್ತು ನೋಡಿ. ಎಲ್ಲರ ಬಾಯಲ್ಲೂ ಬೊಲಿವಿಯಾದ ಗಣಿ ಊರು ಪೊಟೊಸಿಯ ಬೆಳ್ಳಿ. ಆದರೆ ವರ್ಷಗಟ್ಟಲೆ ನಡೆದ ಯುದ್ಧದಲ್ಲಿ ಗಣಿಗಳಿಗೆ ನೀರು ತುಂಬಿಕೊಂಡಿತ್ತು. ಪಂಪು ಹಾಕಿ ತೆಗೆಸೋಣ ಅಂದರೆ ಬಂಡವಾಳ ಇಲ್ಲ. ಅದಿರಿನಿಂದ ಬೆಳ್ಳಿ ತೆಗೆಯಲು ಪಾದರಸ ಬೇಕು, ಅದೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಹಿಂದೆ ಇಂಡಿಯನ್ (ಅಂದರೆ ಅಲ್ಲಿನ ಮೂಲನಿವಾಸಿ) ಹಳ್ಳಿಗಳಿಂದ ಜನರನ್ನು ಬಲವಂತವಾಗಿ ಗಣಿಗೆ ಇಳಿಸುತ್ತಿದ್ದ 'ಮಿತಾ' ಪದ್ಧತಿಯೂ ನಿಂತಿತ್ತು. ನಿಲ್ಲಲೇಬೇಕಿತ್ತು ಬಿಡಿ. ಲಂಡನ್ನಿನಲ್ಲಿ ಪೊಟೊಸಿ ಗಣಿಗೆಂದು ಕಂಪನಿ ಕಟ್ಟಿ ಷೇರು ಮಾರಿದರು. 1825ರ ಕೊನೆಗೆ ಲಂಡನ್ ಮಾರುಕಟ್ಟೆಯೇ ಕುಸಿಯಿತು. ಆ ಆಸೆಯೂ ಹೋಯಿತು.

ಇನ್ನು ಸುಂಕ. ದೇಶಕ್ಕೆ ಒಗ್ಗುವ ಬಂದರು ಅರೀಕಾ. ಅದು ಇದ್ದದ್ದು ಪೆರುವಿನ ಕೈಯಲ್ಲಿ. ಬೊಲಿವಿಯಾಕ್ಕೆ ಸಿಕ್ಕಿದ್ದು ಕೊಬಿಹಾ. ಅಲ್ಲಿಂದ ಸರಕು ಬರಬೇಕೆಂದರೆ ಅಟಕಾಮಾ ಮರುಭೂಮಿ ದಾಟಬೇಕು. ಅರೀಕಾ ತನಗೆ ಬರಲಿ ಅಂತ ಸುಕ್ರೆ 1826ರಲ್ಲಿ ಪೆರುವಿನ ಜೊತೆ ಒಪ್ಪಂದ ಮಾಡಿಕೊಂಡ. ಪೆರು ಅದನ್ನು ಮಂಜೂರು ಮಾಡಲೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸ್ಪೇನಿನವರ ಕಾಲದಿಂದ ಒಂದು ತಲೆಗಂದಾಯ ಇತ್ತು, 'ತ್ರಿಬೂತೊ'. ದುಡಿಯುವ ವಯಸ್ಸಿನ ಪ್ರತಿ ಇಂಡಿಯನ್ ಗಂಡಸೂ ವರ್ಷಕ್ಕೆರಡು ಕಂತಿನಲ್ಲಿ ಕಟ್ಟಬೇಕು. ಜೂನ್‌ನಲ್ಲಿ ಸಂತ ಜಾನನ ಹಬ್ಬಕ್ಕೆ ಒಂದು, ಕ್ರಿಸ್‌ಮಸ್‌ಗೆ ಒಂದು. ಹುಟ್ಟಿದ ಜಾತಿಗೆ ಹಾಕಿದ ತೆರಿಗೆ ಅದು. 1825ರ ಡಿಸೆಂಬರ್‌ನಲ್ಲಿ ಬೊಲಿವಾರ್ ಒಂದು ಆದೇಶ ಹೊರಡಿಸಿ ಅದನ್ನು ತೆಗೆದುಹಾಕಿ ಹೊರಟುಹೋದ. ಬದಲಿಗೆ ಎಲ್ಲರಿಗೂ, ಬಿಳಿಯರೂ ಸೇರಿ, ಆಸ್ತಿ ಮತ್ತು ಆದಾಯದ ಮೇಲೆ ನೇರ ತೆರಿಗೆ ಅಂತ ಮಾಡಿದ. ಅದನ್ನು ಜಾರಿ ಮಾಡುವ ತಲೆನೋವು ಸುಕ್ರೆಯದು.

ಕೇಳಲು ಚೆನ್ನಾಗಿದೆ, ಅಲ್ವಾ? ಲೆಕ್ಕದವನಾಗಿ ಯೋಚಿಸಿ. ಹಳೆಯ ತೆರಿಗೆಗೆ ಹಳ್ಳಿಹಳ್ಳಿಯ ಹೆಸರಿನ ಪಟ್ಟಿ ಇದೆ, ವಸೂಲಿ ಮಾಡುವ ಮುಖಂಡ ಇದ್ದಾನೆ, ತಾರೀಕು ಎಲ್ಲರಿಗೂ ಗೊತ್ತು. ಹೊಸದಕ್ಕೆ ಜನಗಣತಿ ಆಗಬೇಕು. ಯಾರ ಆಸ್ತಿ ಎಷ್ಟು, ಯಾರ ವರಮಾನ ಎಷ್ಟು ಅಂತ ಬರೆಯಬೇಕು. ಬರೆಯುವ ಗುಮಾಸ್ತರೇ ಇಲ್ಲ. ಊರಿನ ದೊಡ್ಡ ಕುಳಗಳು "ಇಂಡಿಯನ್ನರ ಸಾಲಿನಲ್ಲಿ ನಿಂತು ನಾವೂ ಕಟ್ಟಬೇಕಾ?" ಅಂತ ತಿರುಗಿಬಿದ್ದರು. ಇಂಡಿಯನ್ ಹಳ್ಳಿಗಳಲ್ಲೂ ಬೇರೆ ಅಳುಕಿತ್ತು: ಕಂದಾಯ ಕಟ್ಟುವುದೇ ನಮ್ಮ ಜಮೀನಿನ ಹಕ್ಕಿಗೆ ಆಧಾರ, ಅದು ಹೋದರೆ ಜಮೀನಿನ ಗತಿ ಏನು? 1826 ಮುಗಿಯುವುದರೊಳಗೆ ನೇರ ತೆರಿಗೆ ಬಿದ್ದುಹೋಯಿತು, ತ್ರಿಬೂತೊ ವಾಪಸ್ ಬಂತು. ಆ ಆದೇಶ ನೈತಿಕವಾಗಿ ಸರಿಯೇ. ಆದರೆ ಪರ್ಯಾಯದ ವಸೂಲಿ ಶುರುವಾಗುವ ಮೊದಲೇ ಇರುವ ಬಾಬ್ತನ್ನು ರದ್ದು ಮಾಡುವವನು ಖಜಾನೆಯ ಬಾಗಿಲನ್ನೇ ನೋಡಿರುವುದಿಲ್ಲ. ಬೊಲಿವಾರ್ ಅಭಿಮಾನಿಗಳು ಬೈದರೂ ನನ್ನ ಮಾತು ಇದೇ.

ಖರ್ಚಿನ ಕಡೆ? ಸೈನ್ಯ, ಸೈನ್ಯ, ಸೈನ್ಯ. ಹೊಸ ಸಂಸತ್ತು ಆಯಕುಚೊ ಗೆದ್ದ ಪಡೆಗೆ 10 ಲಕ್ಷ ಪೆಸೊ ಬಹುಮಾನ ಬೇರೆ ಘೋಷಿಸಿತ್ತು. ಕೊಲಂಬಿಯಾದಿಂದ ಬಂದ ಪಡೆಗಳು ಯುದ್ಧ ಮುಗಿದರೂ ಅಲ್ಲೇ ಇದ್ದವು. ಮನೆ ದೂರ, ಕೆಲಸ ಇಲ್ಲ, ಸಂಬಳ ಬಾಕಿ. 1827ರ ಡಿಸೆಂಬರ್‌ನಲ್ಲಿ ಲಾ ಪಾಸ್‌ನಲ್ಲಿ ಒಂದು ತುಕಡಿ ಬಾಕಿ ಕೊಡಿ ಅಂತ ದಂಗೆ ಎದ್ದಿತು. ನಾಲ್ಕು ತಿಂಗಳಿಗೆ, 1828ರ ಏಪ್ರಿಲ್ 18ರಂದು, ಚುಕಿಸಾಕಾದ ಬ್ಯಾರಕ್ಕಿನಲ್ಲಿ ಅದೇ ಕತೆ. ಸುಕ್ರೆ ತಾನೇ ಕುದುರೆ ಹತ್ತಿ ಹೋದ. ಹಳೆಯ ಸಿಪಾಯಿಗಳು, ಮುಖ ನೋಡಿದರೆ ಸುಮ್ಮನಾಗುತ್ತಾರೆ ಅಂದುಕೊಂಡನೋ ಏನೋ. ಗುಂಡು ಬಲಗೈಗೆ ಬಿತ್ತು.

ಗಡಿನಾಡ_ಗೆಳೆಯ:

ಖಜಾಂಚಿ ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಎಲ್ಲವನ್ನೂ ಸಂಬಳದ ತಲೆಗೆ ಕಟ್ಟಬೇಡಿ. ಸುಕ್ರೆ ಹುಟ್ಟಿದ್ದು ವೆನೆಜುವೆಲಾದ ಕುಮಾನಾದಲ್ಲಿ. ಚುಕಿಸಾಕಾದ ವಕೀಲರಿಗೆ ಅವನು ಹೊರಗಿನವನೇ. ಕಸಿಮಿರೊ ಒಲನ್ಯೆತಾ ಅಂತ ಒಬ್ಬ ಮಹಾಶಯ ಇದ್ದ. ಮೊದಲು ಸುಕ್ರೆಯ ಪಕ್ಕದಲ್ಲೇ ನಿಂತು ದೇಶ ಕಟ್ಟಿದ, ಆಮೇಲೆ ಅವನನ್ನು ಓಡಿಸುವವರ ಜೊತೆ ಸೇರಿದ. ಗಡಿಯಾಚೆ ಪೆರುವಿನ ಜನರಲ್ ಅಗುಸ್ತಿನ್ ಗಮಾರ್ರಾ ಕಾಯುತ್ತಿದ್ದ. ಸುಕ್ರೆಗೆ ಗುಂಡು ಬಿದ್ದ ಸುದ್ದಿ ಸಿಕ್ಕಿದ್ದೇ ತಡ, "ಅವನ ಪ್ರಾಣ ಉಳಿಸಲು ಬರುತ್ತಿದ್ದೇನೆ" ಅಂತ ಹೇಳಿಕೊಂಡು ಸೈನ್ಯ ನುಗ್ಗಿಸಿದ. ಜುಲೈನಲ್ಲಿ ಪಿಕಿಸಾ ಒಪ್ಪಂದ ಆಯಿತು. ಕೊಲಂಬಿಯಾದ ಪಡೆ ಹೊರಗೆ, ಸುಕ್ರೆಯೂ ಹೊರಗೆ. ಸಂಬಳ ಪೂರ್ತಿ ಕೊಟ್ಟಿದ್ದರೂ ಗಮಾರ್ರಾ ಬಂದೇ ಬರುತ್ತಿದ್ದ.

ಹಳೇಖಜಾಂಚಿ:

ಗೆಳೆಯರೇ, ಒಪ್ಪುತ್ತೇನೆ, ಅರ್ಧ. ಗಮಾರ್ರಾ ಬರುತ್ತಿದ್ದ. ಒಲನ್ಯೆತಾ ಪಿತೂರಿ ಮಾಡುತ್ತಿದ್ದ. ಆದರೆ ಸಂಬಳ ಸಿಕ್ಕಿದ ಸಿಪಾಯಿಯನ್ನು ಎತ್ತಿಕಟ್ಟುವುದು ಅಷ್ಟು ಸುಲಭ ಅಲ್ಲ. ಪಿತೂರಿಗೆ ಬಾಡಿಗೆಗೆ ಸಿಗುವವರು ಯಾರು ಅಂತ ನೋಡಿ.

ಇನ್ನೊಂದು ಮಾತು. ಇವನು ಕೈಲಾಗದ ಆಡಳಿತಗಾರ ಆಗಿರಲಿಲ್ಲ. ಸನ್ಯಾಸಿಗಳೇ ಹೆಚ್ಚಿಲ್ಲದ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ಶಾಲೆಗಳಿಗೂ ಅನಾಥಾಲಯಗಳಿಗೂ ತಿರುಗಿಸಿದ. ಶಿಕ್ಷಣದ ಹೊಣೆಯನ್ನು ಬೊಲಿವಾರನ ಗುರು ಸಿಮೋನ್ ರೊಡ್ರಿಗಸ್‌ಗೆ ಕೊಟ್ಟಿದ್ದರು. ಆ ಮನುಷ್ಯ ಲೆಕ್ಕಪತ್ರ ನೋಡದೆ ಖರ್ಚು ಮಾಡಿದಾಗ ಸುಕ್ರೆ ಜಗಳ ಆಡಿದ. ಸಂವಿಧಾನ ಅಧ್ಯಕ್ಷ ಪದವಿಯನ್ನು ಸಾಯುವವರೆಗೆ ಕೊಟ್ಟಿತ್ತು. ಇವನು 1828ರವರೆಗೆ ಸಾಕು ಅಂದ.

ನನಗೆ ಜಾಸ್ತಿ ಇಷ್ಟವಾದದ್ದು ಆಗಸ್ಟ್ 2ರ ಅವನ ಕೊನೆಯ ಸಂದೇಶ. ಆ ಸಂವಿಧಾನದ ಪ್ರಕಾರ ಅಧ್ಯಕ್ಷನನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ. ಸುಕ್ರೆ ಕೇಳಿದ್ದು: ನನ್ನ ಸೇವೆಗೆ ಬಹುಮಾನವಾಗಿ ಆ ರಕ್ಷಣೆಯನ್ನು ತೆಗೆದುಹಾಕಿ, ಏಪ್ರಿಲ್ 18ರವರೆಗಿನ ನನ್ನ ನಡವಳಿಕೆಯನ್ನು ಪರಿಶೀಲಿಸಿ, ಕಾನೂನು ಮುರಿದಿದ್ದರೆ ವಾಪಸ್ ಬಂದು ಶಿಕ್ಷೆಗೆ ತಲೆ ಕೊಡುತ್ತೇನೆ. ಅಧಿಕಾರದಿಂದ ಇಳಿಯುವವನು ತಾನಾಗಿ ಆಡಿಟ್ ಕೇಳುವುದನ್ನು ನನ್ನ ಸರ್ವೀಸಿನಲ್ಲಿ ನಾನು ನೋಡಿಲ್ಲ.

ನಿತ್ಯಓದುಗಿ:

ತುಂಬಾ ಧನ್ಯವಾದ ಸರ್. ಏಪ್ರಿಲ್ 20ಕ್ಕೆ, ಅಂದರೆ ಗುಂಡು ಬಿದ್ದು ಎರಡೇ ದಿನಕ್ಕೆ, ಕೀಟೊದಲ್ಲಿ ಮರಿಯಾನಾ ಕಾರ್ಸೆಲೆನ್ ಜೊತೆ ಅವನ ಮದುವೆ ಆಯಿತಂತೆ. ವರ ಇಲ್ಲದೆ, ಬರೀ ಮುಖ್ತ್ಯಾರ್ ಪತ್ರದ ಮೇಲೆ! ಪಾಪ, ಅಲ್ಲಿ ಯಾರಿಗೂ ಸುದ್ದಿಯೇ ತಲುಪಿರುವುದಿಲ್ಲ. 1830ರ ಜೂನ್ 4ಕ್ಕೆ ಬೆರ್ರುಯೆಕೊಸ್ ಕಾಡುದಾರಿಯಲ್ಲಿ ಹೊಂಚು ಹಾಕಿ ಕೊಂದೇಬಿಟ್ಟರು. 35 ವರ್ಷ.

ಒಂದೇ ಅನುಮಾನ. ಅವನ ನಂತರ ಬಂದವರು ಸಂಬಳ ಹೇಗೆ ಕೊಟ್ಟರು?

ಹಳೇಖಜಾಂಚಿ:

ಮೇಡಂ, ಇದು ನನ್ನ ಇಷ್ಟದ ಪ್ರಶ್ನೆ. ಮೊದಲು ಪೆದ್ರೊ ಬ್ಲಾಂಕೊ ಬಂದ. 1828ರ ಡಿಸೆಂಬರ್ ಕೊನೆಯ ವಾರ ಕುರ್ಚಿ ಹತ್ತಿದ, ಹೊಸ ವರ್ಷದ ಹೊತ್ತಿಗೆ ಹೆಣವಾಗಿದ್ದ. ಅವನಿಗೆ ಸಂಬಳದ ದಿನವೇ ಬರಲಿಲ್ಲ.

1829ರಲ್ಲಿ ಆಂದ್ರೆಸ್ ದೆ ಸಾಂತಾ ಕ್ರೂಸ್ ಬಂದ. ಇವನೂ ಸೈನಿಕನೇ. ಪಿಚಿಂಚಾದಲ್ಲಿ ಸುಕ್ರೆಯ ಕೈಕೆಳಗೆ ಕಾದಾಡಿದವನು. ತಮಾಷೆ ಏನು ಗೊತ್ತಾ? ಅರೀಕಾ ಒಪ್ಪಂದ ತಳ್ಳಿಹಾಕಿದಾಗ ಪೆರುವಿನ ಸರ್ಕಾರ ನಡೆಸುತ್ತಿದ್ದವನು ಇವನೇ, ಹುಟ್ಟಿದ್ದು ಲಾ ಪಾಸ್ ಕಡೆ! ಈಗ ಬೊಲಿವಿಯಾದ ಖಾಲಿ ಪೆಟ್ಟಿಗೆ ಇವನ ಪಾಲಿಗೆ ಬಂತು. ಹೊಸ ಕಾನೂನು ಸಂಹಿತೆ ತಂದ, ವಿಶ್ವವಿದ್ಯಾಲಯ ತೆರೆದ, ಕೊಬಿಹಾ ಬಂದರನ್ನು ಮೇಲೆತ್ತಲು ನೋಡಿದ. ತ್ರಿಬೂತೊ ತೆಗೆಯುವ ಗೋಜಿಗೆ ಹೋಗಲಿಲ್ಲ. 1830ರಿಂದ ಪೊಟೊಸಿಯ ಟಂಕಸಾಲೆಯಲ್ಲಿ ಬೆಳ್ಳಿ ಕಡಿಮೆ ಹಾಕಿದ ನಾಣ್ಯ ಹೊಡೆಸಿದ. ಜನ ಅದಕ್ಕೆ 'ಫೆಬ್ಲೆ' ಅಂತ ಕರೆದರು, ಅಂದರೆ ಸತ್ವ ಇಲ್ಲದ್ದು. ಸಿಪಾಯಿಗೆ ಎಣಿಕೆಯಲ್ಲಿ ಪೂರ್ತಿ ಸಂಬಳ, ತೂಕದಲ್ಲಿ ಕಮ್ಮಿ. ಹತ್ತು ವರ್ಷ ಆಳಿದ. ಅವನ ನಂತರದ ಸರ್ಕಾರಗಳೂ ಆ ನಾಣ್ಯ ಹೊಡೆಯುವುದನ್ನು ಬಿಡಲಿಲ್ಲ.