ಕೂಲಂಟ್ ನೀರಿನ ಯುಎಫ್ (ಅಲ್ಟ್ರಾಫಿಲ್ಟ್ರೇಷನ್, ಸೂಕ್ಷ್ಮ ರಂಧ್ರದ ಪೊರೆಯಿಂದ ಸೋಸುವುದು): ಆರು ವಾರಕ್ಕೇ ಫ್ಲಕ್ಸ್ ಬಿತ್ತು, ಎಲ್ಲಿ ನೋಡಬೇಕು?

ಚಾಕಣ್_ಈಟಿಪಿ:
ಚಾಕಣ್ ಎಂಐಡಿಸಿ (ಪುಣೆ ಬಳಿಯ ಕೈಗಾರಿಕಾ ಪ್ರದೇಶ), ಮಷಿನಿಂಗ್ ಶಾಪ್. ಹಳೇ ಕೂಲಂಟ್ (ಲೋಹ ಕತ್ತರಿಸುವಾಗ ತಂಪಿಗೆ ಹಾಕುವ ಎಣ್ಣೆ-ನೀರಿನ ದ್ರವ), ಬಿಡಿಭಾಗ ತೊಳೆದ ನೀರು ಸೇರಿ ದಿನಕ್ಕೆ 5,000 ಲೀಟರ್. ಬೆಲ್ಟ್ ಸ್ಕಿಮ್ಮರ್ (ತೇಲುವ ಎಣ್ಣೆ ತೆಗೆಯುವ ಪಟ್ಟಿ), 50 ಮೈಕ್ರಾನ್ ಬ್ಯಾಗ್ ಫಿಲ್ಟರ್, ಆಮೇಲೆ ಪಿವಿಡಿಎಫ್ (ಒಂದು ಬಗೆಯ ಪ್ಲಾಸ್ಟಿಕ್) ಟ್ಯೂಬ್ ಮೆಂಬ್ರೇನ್, ಅಂದರೆ ಸೋಸುವ ಪೊರೆ: 25 ಮಿ.ಮೀ. ಒಳವ್ಯಾಸ, 3 ಮೀಟರ್ ಉದ್ದ, ಒಟ್ಟು 45 ಟ್ಯೂಬ್. ಒಂದರ ಹಿಂದೆ ಒಂದರಂತೆ 9, ಅಂಥ 5 ಸಾಲು. ಪಂಪಿನ ಹರಿವು ಗಂಟೆಗೆ 15 ಘನ ಮೀಟರ್. ಫ್ಲಕ್ಸ್ (ಪೊರೆಯಿಂದ ಸೋಸಿ ಬರುವ ನೀರು) ಶುರುವಿಗೆ 40 ಎಲ್‌ಎಂಎಚ್ (ಚದರ ಮೀಟರಿಗೆ ಗಂಟೆಗೆ ಇಷ್ಟು ಲೀಟರ್) ಇತ್ತು, ಈಗ 14. ಔಟ್‌ಲೆಟ್ ವಾಲ್ವ್ ಹಿಂಡಿ ಒತ್ತಡ 4.5 ಬಾರ್‌ಗೆ ಏರಿಸಿದರೂ ಉಪಯೋಗವಾಗಲಿಲ್ಲ. ಕಾಸ್ಟಿಕ್ ಸಿಐಪಿ (ಟ್ಯೂಬ್ ಬಿಚ್ಚದೆ ಕಾಸ್ಟಿಕ್ ಸೋಡಾದಿಂದ ಒಳಗೇ ತೊಳೆಯುವುದು) ಮಾಡಿದರೆ 20ಕ್ಕೆ ಬಂದು ಎರಡೇ ದಿನದಲ್ಲಿ ಮತ್ತೆ ಇಳಿಯುತ್ತದೆ. ಪರ್ಮಿಯೇಟ್ (ಸೋಸಿ ಬಂದ ನೀರು) ತಿಳಿಯಾಗಿದೆ, ಲೀಟರಿಗೆ ಎಣ್ಣೆ 8 ಮಿ.ಗ್ರಾಂ., ಆದರೆ ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ, ಮಾಲಿನ್ಯದ ಅಳತೆ) 2,800. ಸಿರಾಮಿಕ್ ಮೆಂಬ್ರೇನ್‌ಗೆ ಹೋಗಬೇಕಾ?

ಭೋಸರಿ_ಧಾರವಾಡ:
ಸಿರಾಮಿಕ್ ಮಾತು ಆಮೇಲೆ ನೋಡೋಣ್ರಿ. ಮೊದಲ ಲೆಕ್ಕ ಹಾಕ್ರಿ. 15 ಘನ ಮೀಟರ್ 5 ಸಾಲಿಗೆ ಹಂಚಿದ್ರ ಒಂದಕ್ಕ 3. ಇಪ್ಪತ್ತೈದರ ಟ್ಯೂಬ್‌ನ್ಯಾಗ ಅದು ಸೆಕೆಂಡಿಗೆ 1.7 ಮೀಟರ್ ಆತು. ಎಣ್ಣೆ ನೀರಿಗೆ 3 ಮೀಟರ್ ಆದ್ರೂ ಬೇಕು, ಅಂದ್ರ ಪಂಪ್ 26ರ ಮ್ಯಾಲೆ. ಗ್ವಾಡಿ ಉಜ್ಜೂದು ಈ ಓಟಾನ, ಒತ್ತಡ ಅಲ್ಲ. ವಾಲ್ವ್ ಹಿಂಡಿದಾಗ ಒತ್ತಡ ಏರಿ ಎಣ್ಣಿ ಪದರ ಇನ್ನಷ್ಟು ಬಿಗೀತೈತಿ, ಓಟ ಮತ್ತಷ್ಟು ಇಳೀತೈತಿ. ಎರಡೂ ಕಡೆಯಿಂದ ಏಟು. ವಾಲ್ವ್ ಬಿಚ್ಚಿ 2ರಿಂದ 3 ಬಾರ್‌ನ್ಯಾಗ ಓಡಸ್ರಿ. ಪಂಪ್ ಬದಲಿಸೂದಕ್ಕ ತಡ ಆದ್ರ ಎರಡು ಸಾಲು ಮುಚ್ಚಿ ಮೂರರೊಳಗ ಓಡಿಸಿ ನೋಡ್ರಿ, ಓಟ 2.8ಕ್ಕ ಬರತೈತಿ, ಕ್ಷೇತ್ರ ಕಡಿಮಿ ಆದ್ರೂ ಫ್ಲಕ್ಸ್ ಹೆಂಗ ತಡೀತೈತಿ ಅನ್ನೋದು ಗೊತ್ತಾಗತೈತಿ.

ಇನ್ನೊಂದು, ಫೀಡ್ ಟ್ಯಾಂಕಿನ ನೀರು ಒಂದು ಗಾಜಿನ ಬಾಟಲಿಗೆ ಹಾಕಿ 24 ತಾಸು ಅಲುಗಾಡಿಸದ ಇಡ್ರಿ. ಮ್ಯಾಲೆ ಜೇನಿನ ಬಣ್ಣದ ಪದರ ಕಟ್ಟಿದ್ರ ಹೈಡ್ರಾಲಿಕ್ ಎಣ್ಣಿ ಸ್ಕಿಮ್ಮರ್ ದಾಟಿ ಬರ್ತೈತಿ. ಒಡೆದ ಮಜ್ಜಿಗಿಯಂಥ ಬಿಳಿ ಗರಣಿ ತೇಲಿದ್ರ ಬೋರ್‌ವೆಲ್‌ನ ಗಡಸು ನೀರು ಕೂಲಂಟ್‌ಗೆ ಸೇರಿ ಕ್ಯಾಲ್ಸಿಯಂ ಸಾಬೂನು ಆಗೈತಿ ಅಂತ ಅರ್ಥ. ಅದು ಬರೇ ಕಾಸ್ಟಿಕ್‌ಗೆ ಹೋಗಂಗಿಲ್ಲ, ಕಾಸ್ಟಿಕ್ ಆದ ಮ್ಯಾಲೆ ಆಸಿಡ್ ಬೇಕಾಗತೈತಿ.

ತಳೋಜಾ_ಮಂಗಳೂರು:
ಸಿಐಪಿ ಕ್ರಮವೇ ತಪ್ಪಿರಬಹುದು ಮಾರಾಯ್ರೆ. ಮೊದಲು 40 ಡಿಗ್ರಿಯ ಬಿಸಿ ನೀರಲ್ಲಿ ಎಣ್ಣೆ ಹೊರಗೆ ತಳ್ಳಿ. ನಂತರ ಸರ್ಫ್ಯಾಕ್ಟಂಟ್ (ಎಣ್ಣೆ ಬಿಡಿಸುವ ಸಾಬೂನಿನಂಥ ವಸ್ತು) ಸೇರಿಸಿದ ಕ್ಷಾರ ದ್ರಾವಣ, ಪಿಎಚ್ 10.5ರಿಂದ 11, 45 ಡಿಗ್ರಿ, ಒಂದು ಗಂಟೆ, ಕಡಿಮೆ ಒತ್ತಡದಲ್ಲಿ. ಪಿವಿಡಿಎಫ್‌ಗೆ ಬಿಸಿ, ಗಟ್ಟಿ ಕಾಸ್ಟಿಕ್ ಆಗುವುದಿಲ್ಲ, ಕಂದು ತಿರುಗಿ ಪೊರೆ ಪೆಡಸಾಗುತ್ತದೆ. ತೊಳೆದು, 2% ಸಿಟ್ರಿಕ್ ಆಸಿಡ್ 40 ನಿಮಿಷ. ಆಸಿಡನ್ನು ಎಂದೂ ಮೊದಲು ಹಾಕಬೇಡಿ. ಒಳಗೆ ಉಳಿದ ಎಮಲ್ಷನ್ (ನೀರಲ್ಲಿ ಬೆರೆತ ಎಣ್ಣೆ ಹನಿ) ಒಡೆದು ಎಣ್ಣೆ ನೇರ ಪೊರೆಗೇ ಮೆತ್ತಿಕೊಳ್ಳುತ್ತದೆ. ಕೊನೆಗೆ ಶುದ್ಧ ನೀರಿನ ಫ್ಲಕ್ಸ್ ಅಳೆದು, ಹೊಸದಿದ್ದಾಗಿನ ಅಂಕಿಗೆ ಹೋಲಿಸಿ. ಸಿಐಪಿ ಆಯ್ತೋ ಇಲ್ಲವೋ ಹೇಳುವುದು ಆ ಅಂಕಿ ಒಂದೇ. ಟ್ಯೂಬ್ ಒಳವ್ಯಾಸ 25 ಅಲ್ವಾ, ತಯಾರಕರು ಒಪ್ಪಿದರೆ ಸ್ಪಂಜಿನ ಚೆಂಡು ಓಡಿಸಿ, ರಾಸಾಯನಿಕಕ್ಕಿಂತ ಅಗ್ಗ.

ಹಾಗೇ ಡ್ರಮ್ ಲೇಬಲ್ ಓದಿ: ನೊರೆ ಅಡಗಿಸಲು ಯಾರಾದರೂ ಸಿಲಿಕೋನ್ ಆಂಟಿಫೋಮ್ ಹಾಕುತ್ತಿದ್ದಾರಾ? ಅದು ಕೂತರೆ ಯಾವ ಸಿಐಪಿಗೂ ಪೂರ್ತಿ ಬಿಡಲ್ಲ. ಕ್ಯಾಟಯಾನಿಕ್ (ಧನ ವಿದ್ಯುದಾವೇಶದ) ಪಾಲಿಮರ್ ಡೋಸ್ ಮಾಡುತ್ತಿದ್ದರೂ ಅಷ್ಟೇ ಕಥೆ.

ಚಾಕಣ್_ಈಟಿಪಿ:
ಆಂಟಿಫೋಮ್ ಹಾಕುತ್ತಾರೆ, ಡ್ರಮ್ ಮೇಲೆ ಸಿಲಿಕೋನ್ ಎಂದೇ ಇದೆ. ಇವತ್ತೇ ನಿಲ್ಲಿಸಿದೆ. ಬಾಟಲಿಯಲ್ಲಿ ಬಿಳಿ ಗರಣೆಯೂ ಇದೆ. ಸಿಒಡಿ?

ಪಿಂಪ್ರಿ_ಲ್ಯಾಬ್:
ಸಿಒಡಿ ಹಾಗೇ ಬರುತ್ತದೆ ಸರ್, ಮೆಂಬ್ರೇನ್ ಕೆಟ್ಟಿಲ್ಲ. ಕೂಲಂಟ್‌ನ ಗ್ಲೈಕಾಲ್, ಅಮೈನ್ ನೀರಲ್ಲಿ ಕರಗಿರುವಂಥವು, ಯುಎಫ್ ರಂಧ್ರದಿಂದ ಸಲೀಸಾಗಿ ನುಸುಳುತ್ತವೆ. ಸಿರಾಮಿಕ್ ಯುಎಫ್ ತಂದರೂ ಈ ಅಂಕಿ ಹೆಚ್ಚು ಕಮ್ಮಿ ಇಷ್ಟೇ. ಕ್ಯಾಂಟೀನ್, ಶೌಚದ ನೀರಿನ ಜೊತೆ ಸ್ವಲ್ಪ ಸ್ವಲ್ಪವಾಗಿ ಜೈವಿಕ ಟ್ಯಾಂಕಿಗೆ ಬಿಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್‌ನಲ್ಲಿ ಅವಕಾಶವಿದ್ದರೆ ಮಾತ್ರ. ಒಮ್ಮೆಲೇ ಬಿಟ್ಟರೆ ಕೂಲಂಟ್‌ನ ಬಯೋಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಇಲ್ಲವಾದರೆ ಎವಾಪೊರೇಟರ್ (ನೀರನ್ನು ಆವಿ ಮಾಡುವ ಯಂತ್ರ).

ಫ್ಲಕ್ಸ್ ಬರೆಯುವಾಗ ಪಕ್ಕದಲ್ಲಿ ತಾಪಮಾನ, ಎಷ್ಟು ಪಟ್ಟು ಸಾಂದ್ರವಾಗಿದೆ ಎಂದೂ ಬರೆಯಿರಿ. 30 ಡಿಗ್ರಿಯಲ್ಲಿ 40 ಕೊಟ್ಟ ಪೊರೆ 15 ಡಿಗ್ರಿಯಲ್ಲಿ, ನೀರಿನ ಸ್ನಿಗ್ಧತೆ ಏರುವುದರಿಂದಲೇ, 28 ಕೊಡುತ್ತದೆ. ಡಿಸೆಂಬರಿನ ಪುಣೆ ಬೆಳಗಿನ ಚಳಿಯನ್ನು ಫೌಲಿಂಗ್ (ಪೊರೆಗೆ ಕೊಳೆ ಕಟ್ಟುವುದು) ಎಂದು ಲೆಕ್ಕ ಹಾಕಬೇಡಿ. ಉಳಿದ ಎಣ್ಣೆಗಸಿ ಅಪಾಯಕಾರಿ ತ್ಯಾಜ್ಯ, 2016ರ ನಿಯಮದ 1ನೇ ಅನುಸೂಚಿ, 5.2, 90 ದಿನದೊಳಗೆ ಸಾಗಿಸಬೇಕು.

ಭೋಸರಿ_ಧಾರವಾಡ:
ಗುರುವಾರ ರಜಾ ಇದ್ದಾಗ ಟ್ಯೂಬ್‌ನ್ಯಾಗ ಎಣ್ಣಿ ನೀರು ಬಿಟ್ಟು ಮನಿಗೆ ಹೋಗಬ್ಯಾಡ್ರಿ. ಶುದ್ಧ ನೀರು ತುಂಬಿಡ್ರಿ, ಒಣಗಿಸಲೂ ಬ್ಯಾಡ್ರಿ.