ಎರಡು ಮಹಡಿ ಮನೆಗೆ ಫೈಬರ್ ಸಂಪರ್ಕ: ಕೇಬಲ್ ಯಾವ ದಾರಿಯಲ್ಲಿ ತರಬೇಕು, ಓಎನ್‌ಟಿ ಎಲ್ಲಿಡಬೇಕು?

ಮಹಡಿಮನೆ

ಫೈಬರ್ ಸಂಪರ್ಕಕ್ಕೆ ಹೆಸರು ಬರೆಸಿದ್ದೇನೆ, ಈ ವಾರ ಕೇಬಲ್ ಎಳೆಯಲು ಬರುತ್ತಾರೆ. ಅವರು ಬಂದ ಮೇಲೆ ಅವಸರದಲ್ಲಿ ಎಲ್ಲಾದರೂ ಗೋಡೆ ಕೊರೆಸುವ ಬದಲು ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳೋಣ ಅಂತ.

ನೆಲಮಹಡಿ, ಮೇಲೊಂದು ಮಹಡಿ, ನಡುವೆ ಕಾಂಕ್ರೀಟ್ ಚಾವಣಿ. ಕಂಬ ಸುಮಾರು 40 ಮೀಟರ್ ದೂರ. ತಾರಸಿಯಿಂದ ಕೆಳಗಿನ ಹಾಲ್‌ವರೆಗೆ ಗೋಡೆಯೊಳಗೆ 20 ಎಂಎಂ ಪಿವಿಸಿ ಪೈಪ್ ಖಾಲಿ ಇದೆ. ಮೇಲಿನ ಮಹಡಿಯ ಮೆಟ್ಟಿಲ ಬಳಿ ಆ ಪೈಪಿಗೊಂದು ಜಂಕ್ಷನ್ ಬಾಕ್ಸ್ ಇದೆ. ಕೆಲಸದ ಕಂಪ್ಯೂಟರ್ ಮೇಲಿನ ಕೋಣೆಯಲ್ಲಿ, ಟಿವಿ ಕೆಳಗೆ.

ಆ ಪೈಪಿನಲ್ಲಿ ಫೈಬರ್ ಇಳಿಸಬಹುದೇ? ಓಎನ್‌ಟಿ (ಫೈಬರಿನ ಬೆಳಕನ್ನು ನೆಟ್ ಸಂಪರ್ಕವಾಗಿ ಬದಲಿಸುವ ಪೆಟ್ಟಿಗೆ) ಮೇಲೋ ಕೆಳಗೋ? ಬಂದವರು ಹೊರಡುವ ಮುಂಚೆ ಏನೇನು ನೋಡಿಕೊಳ್ಳಬೇಕು? ಕರೆಂಟ್ ಹೋದಾಗಲೂ ನೆಟ್ ಉಳಿಯಲು ಏನು ಹಾಕಬೇಕು?

ಕೇಬಲ್‌ದಾರಿ

ಪೈಪ್ ಧಾರಾಳವಾಗಿ ಸಾಕು. ಆದರೆ ಫೈಬರನ್ನು ಹಾಲ್‌ವರೆಗೆ ಇಳಿಸಬೇಡಿ. ತಾರಸಿಯಿಂದ ಮೆಟ್ಟಿಲ ಬಳಿಯ ಬಾಕ್ಸ್‌ವರೆಗೆ ಮಾತ್ರ ಫೈಬರ್, ಅಲ್ಲೇ ಗೋಡೆಗೆ ಓಎನ್‌ಟಿ. ಅಲ್ಲಿಂದ ಹಾಲ್‌ಗೆ ಅದೇ ಪೈಪಿನ ಕೆಳಭಾಗದಲ್ಲಿ ಕ್ಯಾಟ್ 6 (ತಾಮ್ರದ ನೆಟ್‌ವರ್ಕ್ ಕೇಬಲ್) ಇಳಿಸಿ. ಪೈಪಿನಲ್ಲಿ ತಿರುವು ಹೆಚ್ಚಿದಷ್ಟೂ ಫೈಬರ್‌ಗೆ ಅಪಾಯ ಹೆಚ್ಚು. ಬಾಕ್ಸ್ ಹತ್ತಿರ ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ಟೆಕ್ನಿಷಿಯನ್ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿಕೊಳ್ಳಿ.

ಇವತ್ತೇ ಒಂದು ಕೆಲಸ ಮಾಡಿ. ವೈರಿಂಗ್‌ನವರು ಬಳಸುವ ಸ್ಪ್ರಿಂಗನ್ನು ತಾರಸಿಯ ತುದಿಯಿಂದ ಬಾಕ್ಸ್‌ವರೆಗೆ ತೂರಿಸಿ, ವಾಪಸ್ ಎಳೆಯುವಾಗ ಅದಕ್ಕೆ ನೈಲಾನ್ ದಾರ ಕಟ್ಟಿ ಪೈಪಿನೊಳಗೇ ಬಿಟ್ಟುಬಿಡಿ. ಪೈಪ್ ಎಲ್ಲಾದರೂ ಸಿಮೆಂಟ್ ತುಂಬಿ ಮುಚ್ಚಿದ್ದರೆ ಈಗಲೇ ಗೊತ್ತಾಗುತ್ತದೆ. ಕರೆಂಟ್ ವೈರ್ ಇರುವ ಪೈಪಿಗೆ ಮಾತ್ರ ಈ ಕೇಬಲ್‌ಗಳನ್ನು ಸೇರಿಸಬೇಡಿ.

ಫೈಬರ್‌ನ ತುದಿಗೆ ಪಿನ್ (ಕನೆಕ್ಟರ್) ಹಾಕಿದ ಮೇಲೆ ಪೈಪಿನಲ್ಲಿ ಎಳೆಯಲು ಹೋದರೆ ಎಲ್ಬೋದಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿ ಕೇಬಲ್ ಎಳೆದು, ಹೊರಬಂದ ತುದಿಗೆ ಆಮೇಲೆ ಪಿನ್ ಹಾಕಬೇಕು. ದಾರವನ್ನು ಕೇಬಲ್‌ನ ಪಕ್ಕದಲ್ಲಿರುವ ಬಲದ ಕಡ್ಡಿಗಳಿಗೆ ಕಟ್ಟಬೇಕು, ನಡುವಿನ ಗಾಜಿನ ಎಳೆಗೆ ಭಾರ ಬೀಳಬಾರದು. ಜಾರಲು ಟಾಲ್ಕಂ ಪೌಡರ್ ಸಾಕು. ಎಣ್ಣೆ, ಗ್ರೀಸ್ ಬೇಡ, ಹೊದಿಕೆ ಹಾಳಾಗುತ್ತದೆ.

ಕಂಬದಿಂದ ಬರುವುದು ಕಪ್ಪು ಹೊದಿಕೆಯ ಕೇಬಲ್ಲೇ ಆಗಿರಲಿ. ಒಳಾಂಗಣದ ಬಿಳಿ ಕೇಬಲ್ ಬಿಸಿಲಿಗೆ ಬಿರುಕು ಬಿಡುತ್ತದೆ. 40 ಮೀಟರ್ ಉದ್ದಕ್ಕೆ ನಡುವೆ ಸುಮಾರು 40 ಸೆಂ.ಮೀ. ಜೋಲು ಇರಲಿ, ತಂಬೂರಿ ತಂತಿಯಂತೆ ಬಿಗಿಯುವುದು ಬೇಡ. ಪೈಪಿನ ಬಾಯಿ ಆಕಾಶಕ್ಕೆ ತೆರೆದಿದ್ದರೆ ಅದಕ್ಕೆ ಕೆಳಮುಖ ಬೆಂಡ್ ಕೂರಿಸಿ. ಕೇಬಲ್ ಒಳಹೋಗುವ ಮುನ್ನ ಒಂದು ಗೇಣು ಕೆಳಕ್ಕೆ ಇಳಿದು ಮತ್ತೆ ಮೇಲೇರಿದರೆ ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಪೈಪಿನೊಳಗೆ ಹರಿಯುವುದಿಲ್ಲ. ಸಿಲಿಕೋನ್ ಹಚ್ಚುವುದು ಕೊನೆಗೆ.

ಹೊರಗೆ 5 ಮೀಟರ್, ಒಳಗೆ ಒಂದೂವರೆ ಮೀಟರ್ ಹೆಚ್ಚುವರಿ ಕೇಬಲ್ ಬಿಡಲು ಹೇಳಿ. ಪಿನ್ ಕೆಟ್ಟಾಗಲೆಲ್ಲ ತುದಿಯಲ್ಲಿ ಒಂದಿಷ್ಟು ಕತ್ತರಿಸಿ ಹೊಸದು ಹಾಕಬೇಕಾಗುತ್ತದೆ. ಉಳಿಕೆ ಇಲ್ಲದಿದ್ದರೆ ಆಗ ಕಂಬದಿಂದಲೇ ಹೊಸ ಕೇಬಲ್ ಎಳೆಯಬೇಕು.

ಎಳೆಬೆಳಕು

ದಾರಿಯ ವಿಷಯ ಮೇಲೆ ಸರಿಯಾಗಿ ಹೇಳಿದ್ದಾರೆ, ಒಂದು ಬಿಟ್ಟುಹೋಗಿದೆ. ತೂಗುವ ಕೇಬಲ್‌ಗೆ ಅಂಟಿಕೊಂಡು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೋಡೆಯ ಕೊಕ್ಕೆಯಲ್ಲೇ ಕಟ್ಟಿ ಮುಗಿಸಬೇಕು, ಫೈಬರ್ ಭಾಗ ಮಾತ್ರ ಸೀಳಿಕೊಂಡು ಒಳಗೆ ಬರಬೇಕು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಉಕ್ಕಿನ ತಂತಿಯಲ್ಲಿ ಹರಿಯುತ್ತದೆ, ಸಿಡಿಲಿನದ್ದೂ ಸೇರಿ.

ಇನ್ನು ಹೊರಡುವ ಮುಂಚೆ ನೋಡಬೇಕಾದದ್ದು. ವೇಗದ ಪರೀಕ್ಷೆಯೊಂದನ್ನೇ ನಂಬಿ ಸಹಿ ಹಾಕಬೇಡಿ. ಕೇಳಬೇಕಾದ ಸಂಖ್ಯೆ ಒಂದೇ: ನಿಮ್ಮ ಮನೆಗೆ ಬೆಳಕು ಎಷ್ಟು ಡಿಬಿಎಂ (ಬೆಳಕಿನ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ) ತಲುಪುತ್ತಿದೆ? ಪವರ್ ಮೀಟರನ್ನು 1490 ನ್ಯಾನೋಮೀಟರಿಗೆ ಇಟ್ಟು ಪಿನ್‌ಗೆ ಹಚ್ಚಿದರೆ ಕಾಣುತ್ತದೆ. ಓಎನ್‌ಟಿಯ ಸೆಟ್ಟಿಂಗ್ ಪುಟದಲ್ಲೂ ಆರ್‌ಎಕ್ಸ್ ಪವರ್ ಎಂದು ಸಾಮಾನ್ಯವಾಗಿ ಇರುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ದೂರು ಕೊಡುವಾಗ ಮೊದಲ ದಿನದ ಆ ಅಂಕಿಯೇ ನಿಮ್ಮ ಆಧಾರ.

ಸಾಮಾನ್ಯ ಜಿಪಿಓಎನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಪದ್ಧತಿ) ಲೆಕ್ಕ ಹೀಗಿದೆ. ಕಂಪನಿ ಕಡೆಯ, ಬೆಳಕು ಕಳಿಸುವ ಯಂತ್ರವಾದ ಓಎಲ್‌ಟಿಯಿಂದ ಸುಮಾರು ಪ್ಲಸ್ 3 ಡಿಬಿಎಂ ಹೊರಡುತ್ತದೆ. 32 ಮನೆಗೆ ಹಂಚುವ ಸ್ಪ್ಲಿಟರ್ ಹೆಚ್ಚುಕಡಿಮೆ 17 ಡಿಬಿ (ಬೆಳಕಿನ ನಷ್ಟದ ಅಳತೆ) ತಿನ್ನುತ್ತದೆ. 3 ಕಿ.ಮೀ. ಫೈಬರ್ ತಿನ್ನುವುದು ಬರೀ 1 ಡಿಬಿ. ಪಿನ್, ಸ್ಪ್ಲೈಸ್ (ಎಳೆಗಳ ಬೆಸುಗೆ) ಎಲ್ಲ ಸೇರಿ 2ರಿಂದ 3. ಅಂದರೆ ಮೈನಸ್ 17, 18ರ ಆಸುಪಾಸು. 64 ಮನೆಗೆ ಹಂಚಿದ್ದರೆ ಇನ್ನೂ 3 ಡಿಬಿ ಕೆಳಗೆ. ಪ್ರತಿ 3 ಡಿಬಿಗೆ ಬೆಳಕು ಅರ್ಧವಾಗುತ್ತದೆ. ಬಿ ಪ್ಲಸ್ ದರ್ಜೆಯ ಓಎನ್‌ಟಿ ಮೈನಸ್ 27ರವರೆಗೆ ಓದಬಲ್ಲದು, ಮೈನಸ್ 8ಕ್ಕಿಂತ ಹೆಚ್ಚಿನ ಬೆಳಕೂ ಅದಕ್ಕೆ ಆಗುವುದಿಲ್ಲ.

ದೂರ ತಿನ್ನುವುದು ಎಷ್ಟು ಕಡಿಮೆ ನೋಡಿ. ಮನೆಯೊಳಗಿನ ಸಂಪರ್ಕ ಕೆಡುವುದು ಹೆಚ್ಚಾಗಿ ಮಡಿಕೆಯಲ್ಲಿ ಮತ್ತು ಪಿನ್ನಿನಲ್ಲಿ. ಮಡಿಕೆಗೆ ಇಂದಿನ ಜಿ.657ಎ2 ಎಳೆ 7.5 ಎಂಎಂ ತ್ರಿಜ್ಯದವರೆಗೆ ತಡೆದುಕೊಳ್ಳುತ್ತದೆ, ಹಳೆಯ ಜಿ.652 ಎಳೆಗೆ 30 ಎಂಎಂ ಬೇಕು. ಯಾವ ಎಳೆ ಬಂದಿದೆ ಎಂದು ಹೊರಗಿನಿಂದ ಗೊತ್ತಾಗದಿದ್ದರೆ ಸುರುಳಿಯ ಅಡ್ಡಳತೆಯನ್ನು 10 ಸೆಂ.ಮೀ.ಗಿಂತ ಚಿಕ್ಕದು ಮಾಡಲು ಬಿಡಬೇಡಿ. ಮೂಲೆಯಲ್ಲಿ ಕ್ಲಿಪ್ ಹೊಡೆಯುವಾಗ ಸುತ್ತಿಗೆ ಏಟು ಕೇಬಲ್ ಮೇಲೆ ಬಿದ್ದರೂ ಅಷ್ಟೇ, ಹೊರಗೆ ಏನೂ ಕಾಣುವುದಿಲ್ಲ, ಒಳಗೆ 2 ಡಿಬಿ ಹೋಗಿರುತ್ತದೆ.

ಪಿನ್ ವಿಷಯದಲ್ಲಿ ನಿಷ್ಠುರವಾಗಿರಿ. ಸ್ಪ್ಲೈಸಿಂಗ್ ಮಷೀನ್‌ನಲ್ಲಿ ಪಿಗ್‌ಟೇಲ್ (ಮೊದಲೇ ಪಿನ್ ಕೂಡಿಸಿದ ಫೈಬರ್ ತುಂಡು) ಬೆಸೆದರೆ ನಷ್ಟ 0.1 ಡಿಬಿಯೊಳಗೆ, ಮುಂದೆಯೂ ಹಾಗೇ ಇರುತ್ತದೆ. ಜಾಗದಲ್ಲೇ ಒತ್ತಿ ಹಾಕುವ ಫಾಸ್ಟ್ ಕನೆಕ್ಟರ್ ಚೆನ್ನಾಗಿ ಹಾಕಿದರೆ 0.3ರಿಂದ 0.5. ಅದರೊಳಗೆ ಎರಡು ತುದಿಗಳ ನಡುವೆ ಒಂದು ಜೆಲ್ ಇರುತ್ತದೆ. ಎಳೆಯನ್ನು ನೇರವಾಗಿ ಕ್ಲೀವ್ ಮಾಡದೆ (ತುದಿ ಸಪಾಟಾಗುವಂತೆ ಕತ್ತರಿಸದೆ) ಹಾಕಿದರೆ, ಅಥವಾ ಹಿಡಿತ ಸಡಿಲವಾಗಿದ್ದರೆ, ಎಳೆ ಕೂದಲೆಳೆಯಷ್ಟು ಹಿಂದೆ ಸರಿದು ತಿಂಗಳುಗಳಲ್ಲಿ ಬೆಳಕು ಇಳಿಯುತ್ತಾ ಹೋಗುತ್ತದೆ. ಬೆಸೆಯಲು ಮಷೀನ್ ಇದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿ. ಇಲ್ಲವೆಂದರೆ, ಹೊದಿಕೆ ಬಿಡಿಸಿದ ಎಳೆಯನ್ನು ಕ್ಲೀವ್ ಮಾಡುವ ಮುಂಚೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸುತ್ತಾರೋ ಬಟ್ಟೆಗೆ ಒರೆಸುತ್ತಾರೋ ನೋಡಿ. ಕ್ಲೀವ್ ಆದ ಮೇಲೆ ತುದಿಯನ್ನು ಮುಟ್ಟಬಾರದು.

ಕತ್ತರಿಸಿದ ಗಾಜಿನ ಚೂರುಗಳನ್ನು ಅಂಟು ಟೇಪಿಗೆ ಅಂಟಿಸಿ ಎಸೆಯಬೇಕು. ನೆಲದಲ್ಲಿ ಬಿದ್ದರೆ ಕಣ್ಣಿಗೆ ಕಾಣದು, ಕಾಲಿಗೆ ಚುಚ್ಚಿದರೆ ತೆಗೆಯುವುದು ಕಷ್ಟ. ಫೈಬರ್ ತುದಿಯನ್ನು ಕಣ್ಣಿನ ನೇರಕ್ಕೆ ಯಾವತ್ತೂ ಹಿಡಿಯಬೇಡಿ, ಅದರಲ್ಲಿನ ಬೆಳಕು ಕಾಣುವಂಥದ್ದಲ್ಲ.

ಮಹಡಿಮನೆ

ತುಂಬಾ ಉಪಕಾರವಾಯಿತು. ಎರಡು ಅನುಮಾನ. ಅಂಕಿ ಮೈನಸ್ 26 ಬಂದು, ನೆಟ್ ಮಾತ್ರ ಚೆನ್ನಾಗಿ ಓಡುತ್ತಿದ್ದರೆ ಒಪ್ಪಿಕೊಳ್ಳಬಹುದೇ? ಪಿನ್ನುಗಳಲ್ಲಿ ಹಸಿರು, ನೀಲಿ ಎಂದು ಎರಡು ಬಗೆ ಇರುತ್ತವಲ್ಲ, ಯಾವುದನ್ನಾದರೂ ಹಾಕಬಹುದೇ?

ಎಳೆಬೆಳಕು

ಒಪ್ಪಿಕೊಳ್ಳಬೇಡಿ. ಮೈನಸ್ 27ರ ಗಡಿಗೆ ಬರೀ 1 ಡಿಬಿ ಉಳಿದಿದೆ. ಪಿನ್ ಮೇಲೆ ಒಂದಿಷ್ಟು ಧೂಳು ಕೂತರೆ, ಬಾಕ್ಸ್‌ನೊಳಗೆ ತೇವ ಸೇರಿದರೆ ಸಾಕು, ಬೆಳಕು ಸಿಗುತ್ತಿಲ್ಲ ಎಂದು ಹೇಳುವ ಕೆಂಪು ಎಲ್‌ಓಎಸ್ ದೀಪ ಮಿನುಗುತ್ತದೆ. ಮೈನಸ್ 24ರೊಳಗೆ ಬರುವ ಹಾಗೆ ಮಾಡಿಕೊಡಿ ಎಂದು ಕೇಳಿ. ಮೊದಲು ಕಂಬದ ಬಾಕ್ಸ್‌ನಲ್ಲಿ ಅಳೆಯಲಿ, ಆಮೇಲೆ ಮನೆಯಲ್ಲಿ. ಎರಡರ ವ್ಯತ್ಯಾಸ 1 ಡಿಬಿ ದಾಟಿದರೆ ತಪ್ಪು ನಿಮ್ಮ ಕಡೆಯ ಕೇಬಲ್ ಅಥವಾ ಪಿನ್ನಿನಲ್ಲಿ. ಕಂಬದಲ್ಲೇ ಮೈನಸ್ 25 ಇದ್ದರೆ ಮನೆಯಲ್ಲಿ ಎಷ್ಟು ಒದ್ದಾಡಿದರೂ ಪ್ರಯೋಜನವಿಲ್ಲ, ಅದು ಅವರ ಸ್ಪ್ಲಿಟರ್ ಕಡೆಯ ಕೆಲಸ.

ಹಸಿರು ಎಪಿಸಿ. ಅದರ ಮುಖ 8 ಡಿಗ್ರಿ ಓರೆಯಾಗಿರುತ್ತದೆ. ನೀಲಿ ಯುಪಿಸಿಯದ್ದು ಓರೆಯಿಲ್ಲದ ಮುಖ. ಒಂದಕ್ಕೊಂದು ಸಿಕ್ಕಿಸಿದರೆ ಕೂರುತ್ತದೆ, ಆದರೆ ನಡುವೆ ಗಾಳಿ ಉಳಿದು ಹಲವು ಡಿಬಿ ಹೋಗುತ್ತದೆ, ಬೆಳಕು ವಾಪಸ್ ಪುಟಿಯುತ್ತದೆ, ಮುಖಗಳಿಗೂ ಪೆಟ್ಟು. ಓಎನ್‌ಟಿಯ ಕಿಂಡಿಯ ಬಣ್ಣ ನೋಡಿ ಅದೇ ಬಣ್ಣದ ಪಿನ್ ಹಾಕಿಸಿ.

ನೆಟ್‌ಕಟ್ಟು

ಮನೆಯೊಳಗಿನ ಜಾಲದ ಬಗ್ಗೆ ಇಷ್ಟು. ಓಎನ್‌ಟಿಯ ನಾಲ್ಕೂ ಕಿಂಡಿಗಳು ಗಿಗಾಬಿಟ್ (1000 ಎಂಬಿಪಿಎಸ್) ಎಂದುಕೊಳ್ಳಬೇಡಿ. ಎಷ್ಟೋ ಮಾದರಿಗಳಲ್ಲಿ ಮೊದಲನೆಯದು ಮಾತ್ರ ಗಿಗಾಬಿಟ್, ಉಳಿದ ಮೂರು 100 ಎಂಬಿಪಿಎಸ್. ಆ ಮೊದಲನೆಯದಕ್ಕೆ ಗಿಗಾಬಿಟ್ ಸ್ವಿಚ್ ಅಥವಾ ನಿಮ್ಮ ರೂಟರ್ ಹಾಕಿ, ಅದರಿಂದ ಕೋಣೆಗೊಂದು, ಹಾಲ್‌ಗೊಂದು ಕೇಬಲ್ ಎಳೆಯಿರಿ. ಕ್ಯಾಟ್ 6 ಪೂರ್ತಿ ತಾಮ್ರದ್ದಾಗಿರಲಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ. ಕ್ರಿಂಪ್ ಮಾಡಿದ ಮೇಲೆ ಎಂಟೂ ವೈರ್ ಹಿಡಿದಿವೆಯೇ ಎಂದು ಟೆಸ್ಟರ್‌ನಲ್ಲಿ ನೋಡಿ. ಒಂದು ವೈರ್ ಬಿಟ್ಟುಹೋದರೂ ಸಂಪರ್ಕ 100ಕ್ಕೆ ಇಳಿದು ಹಾಗೇ ನಡೆಯಬಹುದು, ಆಗ ಫೈಬರ್‌ನವರು ಮೋಸ ಮಾಡಿದರು ಎಂದು ಅನ್ನಿಸುತ್ತದೆ. ವೇಗ ಅಳೆಯುವುದು ವೈರ್ ಹಾಕಿದ ಕಂಪ್ಯೂಟರ್‌ನಲ್ಲಿ. ಗಿಗಾಬಿಟ್ ಕಿಂಡಿಯಲ್ಲಿ 940 ಎಂಬಿಪಿಎಸ್ ಬಂದರೆ ಅದೇ ಪೂರ್ತಿ ವೇಗ.

ಕಾಂಕ್ರೀಟ್ ಚಾವಣಿ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸೊರಗುತ್ತದೆ. ಹಾಲ್‌ಗೆ ಇಳಿದ ಕೇಬಲ್‌ನ ತುದಿಗೆ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಹಾಕಿದರೆ ಟಿವಿಗೂ ಫೋನಿಗೂ ಸಾಕು. ಸ್ವಂತ ರೂಟರ್ ಹಾಕುವುದಿದ್ದರೆ ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕ ದಾಟಿಸುವುದಷ್ಟೇ ಮಾಡುವಂತೆ) ಹಾಕಿಸಿ, ನಿಮ್ಮ ರೂಟರ್‌ನಲ್ಲಿ ತುಂಬಬೇಕಾದ ವಿಎಲ್‌ಎಎನ್ ಸಂಖ್ಯೆ, ಪಿಪಿಪಿಓಇ (ಲಾಗಿನ್) ಬಳಕೆದಾರ ಹೆಸರು, ಪಾಸ್‌ವರ್ಡ್ ಅವರಿದ್ದಾಗಲೇ ಬರೆದುಕೊಳ್ಳಿ. ನೆಟ್ ನಿಂತಾಗ ಓಎನ್‌ಟಿಯ ರೀಸೆಟ್ ತೂತಿಗೆ ಪಿನ್ ಚುಚ್ಚಬೇಡಿ. ಅವರು ತುಂಬಿದ ಸೆಟ್ಟಿಂಗ್ ಅಳಿಸಿಹೋದರೆ ಮತ್ತೆ ಅವರೇ ಬರಬೇಕಾಗಬಹುದು. ಸ್ವಿಚ್ ಆರಿಸಿ ಹಾಕುವುದರಿಂದ ತೊಂದರೆಯಿಲ್ಲ.

ಕರೆಂಟ್ ಬಗ್ಗೆ: ಸ್ಪ್ಲಿಟರ್‌ಗೆ ವಿದ್ಯುತ್ ಬೇಡ, ಆದ್ದರಿಂದ ದಾರಿಯಲ್ಲಿ ಕರೆಂಟ್ ಹೋದರೂ ಬೆಳಕು ಬರುತ್ತಲೇ ಇರುತ್ತದೆ. ಕಂಬದ ಮೇಲೆ ಕರೆಂಟ್ ಬೇಕಾದ ನೆಟ್‌ವರ್ಕ್ ಸ್ವಿಚ್ ಇಟ್ಟು ಹಂಚುವವರದ್ದಾದರೆ ಹಾಗಲ್ಲ, ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿ 12 ವೋಲ್ಟ್‌ನ ಚಿಕ್ಕ ಡಿಸಿ ಯುಪಿಎಸ್ ಸಾಕು. ಕೊಳ್ಳುವಾಗ ಎಂಎಎಚ್ ನೋಡಿ ಮೋಸಹೋಗಬೇಡಿ. 10,000 ಎಂಎಎಚ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕವಾದರೆ ಅದು 37 ವ್ಯಾಟ್‌ಅವರ್ ಮಾತ್ರ. ಓಎನ್‌ಟಿ, ರೂಟರ್ ಸೇರಿ 18 ವ್ಯಾಟ್ ಎಳೆದರೆ, ಪರಿವರ್ತನೆಯ ನಷ್ಟ ಕಳೆದು ಒಂದೂಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಮೂರು ಗಂಟೆ ಬೇಕಾದರೆ 70 ವ್ಯಾಟ್‌ಅವರ್ ನೋಡಿ. ಮೂಲ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ ಓದಿಕೊಂಡೇ ಯುಪಿಎಸ್ ವೈರ್ ಚುಚ್ಚಿ. ಕೆಲವು ರೂಟರ್‌ಗಳು 9 ವೋಲ್ಟ್‌ನವು, ಅವಕ್ಕೆ 12 ಹಾಕಿದರೆ ಸುಟ್ಟುಹೋಗಬಹುದು.